ನಾಗರತ್ನಮ್ಮನ ಕೈಗೆ ಮೈಕು ಕೊಟ್ಟವರಿಗೆ

ನಾಲ್ಕು ತಾಲೂಕುಗಳ ಮಾನ್ಯ ವಿಶೇಷಾಧಿಕಾರಿಗಳೇ,

ಹೆದರಬೇಡಿ, ಮಾತಾಡಿ ಎಂದು ನೀವೇ ಮೈಕು ಕೊಟ್ಟು ಮಾತಾಡಿಸಿದ ಹೆಂಗಸನ್ನು, ಮಾತಾಡಿದರು ಎಂಬ ಕಾರಣಕ್ಕೆ ಕೆಲಸದಿಂದ ತೆಗೆದಿದ್ದೀರಿ. ಅವರ ಹೆಸರು ನಾಗರತ್ನಮ್ಮ. ಪಾವಗಡ ತಾಲೂಕಿನಲ್ಲಿ, ತಿರುಮಣಿಯಿಂದ ಇನ್ನೂ ಆಚೆಗಿರುವ ಒಂದು ಸಣ್ಣ ಹಳ್ಳಿಯ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಬೇಯಿಸುತ್ತಿದ್ದರು. ಈಗ ಬೇಯಿಸುತ್ತಿಲ್ಲ. "ಖಾಸಗಿ ವಾಹಿನಿಯೊಂದರಲ್ಲಿ ಸ್ವತಃ ತಮ್ಮ ಹೆಸರು ಮತ್ತು ಊರನ್ನು ತಿಳಿಸಿ, ಆಡಳಿತದ ಘನತೆಗೆ ಕುಂದು ತಂದಿರುತ್ತಾರೆ" ಎಂದು ನಿಮ್ಮ ಆದೇಶ ಹೇಳುತ್ತದೆ. ಆ ಖಾಸಗಿ ವಾಹಿನಿ ನಮ್ಮದು, ನಾಲ್ಕೂರು ಟಿವಿ. ಹೆಸರು, ಊರು ಹೇಳಿಸುವ ಪದ್ಧತಿಯೂ ನಮ್ಮದೇ. ಆದರೆ ಆ ಪದ್ಧತಿಯನ್ನು ಹಾಡಿ ಹೊಗಳಿ ನಮ್ಮನ್ನು ಅಟ್ಟಕ್ಕೇರಿಸಿದವರು ಯಾರು ಸ್ವಾಮಿ? ನಿಮಗೆ ಮರೆತಿರಬಹುದು. ಅಧಿಕಾರಿಗಳಿಗೆ ಕೆಲಸ ಜಾಸ್ತಿ. ಹಾಗಾಗಿ ಮೊದಲಿನಿಂದಲೇ ನೆನಪಿಸುತ್ತೇನೆ.

ನಾನು ಶಿರಾದವಳು. ನಮ್ಮ ಅಬ್ಬಾ ಇಸಾಕ್ ಟಿವಿ ರಿಪೇರಿ ಮಾಡುತ್ತಾ, ಆಮೇಲೆ ಮನೆಮನೆಗೆ ಕೇಬಲ್ ಎಳೆಯುತ್ತಾ ನಮ್ಮನ್ನು ಸಾಕಿದವರು. ಅವರು ಎಳೆದ ಕೇಬಲ್ಲಿನಲ್ಲಿ ಲೋಕದ ಸುದ್ದಿಯೆಲ್ಲ ಬರುತ್ತಿತ್ತು, ನಮ್ಮ ನಾಲ್ಕು ತಾಲೂಕಿನದೊಂದು ಬಿಟ್ಟು. ಮಧುಗಿರಿ ಕಡೆ ಊರೊಳಗೆ ಕರಡಿ ಬಂದರೆ ಬೆಂಗಳೂರಿನ ದೊಡ್ಡ ಚಾನೆಲ್ಲುಗಳ ವ್ಯಾನು ಬರುತ್ತದೆ. ಪಾಪ ಆ ಕರಡಿಯ ಸುತ್ತ ಕೆಂಪು ವೃತ್ತ ಎಳೆದು, ಹಿಂದೆ ಢಂಢಂ ಎಂದು ಬಾರಿಸಿ, ಸಂಜೆಯವರೆಗೆ ಅದನ್ನೇ ಓಡಿಸುತ್ತಾರೆ. ಕರಡಿ ಕಾಡು ಸೇರಿದ ಮೇಲೆ ವ್ಯಾನೂ ಹೊರಟುಹೋಗುತ್ತದೆ. ಕೊಡಿಗೇನಹಳ್ಳಿಯಲ್ಲಿ ಬಸ್ಸು ಬರದೆ ಕಾಲೇಜಿನ ಹೆಣ್ಣುಮಕ್ಕಳು ಕತ್ತಲಾಗುವವರೆಗೆ ನಿಂತರೆ ಅದು ಸುದ್ದಿಯಲ್ಲ. ಬುಕ್ಕಾಪಟ್ಟಣದ ಕಡೆ ಕುರಿಗಳಿಗೆ ರೋಗ ಬಂದು ಡಾಕ್ಟರು ಬರದಿದ್ದರೆ ಅದೂ ಸುದ್ದಿಯಲ್ಲ. ನಾವು ಕರಡಿಗಳಾಗಿ ಹುಟ್ಟಬೇಕಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ.

ಅದಕ್ಕೇ ನಾನೂ ಕೊರಟಗೆರೆಯ ಪ್ರಭುದೇವ್ ಎಂಬ ಗೆಳೆಯನೂ ಸೇರಿ ಅಬ್ಬಾನ ಅಂಗಡಿಯ ಮಹಡಿಯ ಮೇಲೆ ಈ ಚಾನೆಲ್ ತೆರೆದೆವು. ಪ್ರಭುದೇವ್ ಮದುವೆ ವಿಡಿಯೋ ತೆಗೆಯುವವನು. ಮದುವೆಯಲ್ಲಿ ಹಿರಿಯರು ಕ್ಯಾಮೆರಾ ಮುಂದೆ ಬಂದು, ನಾನು ಇಂಥವನು, ಇಂಥ ಊರಿನವನು ಎಂದು ಹೇಳಿ ಗಂಡುಹೆಣ್ಣಿಗೆ ಒಳ್ಳೆಯದಾಗಲಿ ಅನ್ನುತ್ತಾರಲ್ಲ, ಅದೇ ಅಭ್ಯಾಸವನ್ನು ಅವನು ಸುದ್ದಿಗೂ ತಂದ. ನಮ್ಮಲ್ಲಿ "ಮೂಲಗಳ ಪ್ರಕಾರ" ಇಲ್ಲ, "ಹೆಸರು ಹೇಳಲಿಚ್ಛಿಸದ" ಯಾರೂ ಇಲ್ಲ. ಮಾತಾಡುವವರು ಮೊದಲು ತಮ್ಮ ಹೆಸರು, ಊರು ತಾವೇ ಹೇಳಬೇಕು. ಇನ್ನೊಬ್ಬರ ಹೆಸರನ್ನು ನಾವು ಹೇಳುವುದಿಲ್ಲ. ಸುದ್ದಿ ಓದುವ ನಾನೂ ಪ್ರತಿ ಸಂಜೆ ಹಾಗೆಯೇ ಶುರುಮಾಡುತ್ತೇನೆ. ಬೆಂಗಳೂರಿನ ಗೆಳತಿಯೊಬ್ಬಳು ಇದನ್ನು ನೋಡಿ ಬಿದ್ದು ಬಿದ್ದು ನಕ್ಕಳು. ಆದರೆ ಪಾವಗಡದ ಜನ ತಮ್ಮ ಅರ್ಧ ತೆಲುಗಿನಲ್ಲೇ, ಶಿರಾದವರು ತಮ್ಮ ಉರ್ದು ಬೆರೆತ ಕನ್ನಡದಲ್ಲೇ ಹೆಸರು ಹೇಳಿ ಟಿವಿಯಲ್ಲಿ ಮಾತಾಡತೊಡಗಿದಾಗ, ನಮ್ಮೂರಿನ ಹೋಟೆಲುಗಳಲ್ಲಿ ಬೇರೆ ಚಾನೆಲ್ ಹಾಕಿದರೆ ಗಿರಾಕಿಗಳು ಗಲಾಟೆ ಮಾಡುವಂತಾಯಿತು.

ಉದ್ಘಾಟನೆಗೆ ನೀವು ಬಂದಿರಿ. ಕರೆದದ್ದಕ್ಕೆ ಬಂದಿರಿ ಎಂಬುದೇ ನಮಗೆ ದೊಡ್ಡದಾಗಿತ್ತು. ಅಬ್ಬಾ ಸಂಭ್ರಮದಲ್ಲಿ ನಿಮಗೆ ಎರಡೆರಡು ಸಲ ಶಾಲು ಹೊದಿಸಿದರು. "ಮುಖ ಮುಚ್ಚಿಕೊಂಡು ದೂರುವವರನ್ನು ಬಹಳ ನೋಡಿದ್ದೇನೆ. ಹೆಸರು ಹೇಳಿ ಎದುರು ನಿಲ್ಲುವ ಜನ ಬೇಕು. ಈ ಚಾನೆಲ್ಲಿನಲ್ಲಿ ಮಾತಾಡಿದವರ ಕೂದಲು ಕೊಂಕಿದರೆ ಅದಕ್ಕೆ ನಾನು ಜವಾಬ್ದಾರ" ಎಂದು ನೀವು ಹೇಳಿದಾಗ, ಸುಳ್ಳೇಕೆ ಹೇಳಲಿ, ನನ್ನ ಕಣ್ಣು ತುಂಬಿತು. ಇಂಥ ಅಧಿಕಾರಿಯೂ ಇರುತ್ತಾರಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ಆ ನಂಬಿಕೆಯಿಂದಲೇ ನಿಮ್ಮನ್ನು ಹಳ್ಳಿಗಳಿಗೆ ಕರೆದೊಯ್ದು ಜನರೊಡನೆ ಮಾತಾಡಿಸುವ ಕಾರ್ಯಕ್ರಮ ಮಾಡಿದೆವು.

ನಾಗರತ್ನಮ್ಮನ ಊರಿನಲ್ಲಿ ಏನಾಯಿತು ನೆನಪಿದೆಯೇ? ಶಾಲೆಯ ಜಗಲಿಯ ಮೇಲೆ ನೀವು ಕೂತಿದ್ದಿರಿ. ನೀರಿನ ಮಾತು ಬಂದಾಗ ಆಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿಂದಕ್ಕೆ ಸರಿದರು. "ಚೆಪ್ಪಕ್ಕಾ, ಚೆಪ್ಪು", ಹೇಳಕ್ಕಾ ಹೇಳು, ಎಂದು ಪಕ್ಕದ ಹೆಂಗಸರು ತೆಲುಗಿನಲ್ಲೇ ಹುರಿದುಂಬಿಸಿದರು. ಆದರೂ ಅವರು ಒಪ್ಪಲಿಲ್ಲ. ಬೇಡವೆಂದವರನ್ನು ಒತ್ತಾಯಿಸುವುದಿಲ್ಲ ಎಂದು ನಾನು ಮೈಕು ಕೆಳಗಿಳಿಸಿದೆ. ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಎದ್ದು ಹೋಗಿ, ಅವರ ಕೈಗೆ ಕೊಟ್ಟವರು ನೀವು. "ಭಯ ಬೇಡ ಅಮ್ಮ. ನಾನಿಲ್ಲವೇ?" ಅಂದಿರಿ. ಆಗ ಅವರು ಮಾತಾಡಿದರು.

"ನನ್ ಹೆಸ್ರು ನಾಗರತ್ನಮ್ಮ ಸಾಮೀ, ಇದೇ ಊರು. ಶುದ್ಧ ನೀರಿನ ಘಟಕಕ್ಕೆ ಬೀಗ ಬಿದ್ದು ಬೋ ದಿನ ಆಯ್ತು. ಬೋರ್ ನೀರ್ನಾಗೇ ಮಕ್ಳಿಗೆ ಅನ್ನ ಬೇಯಿಸ್ತಾ ಇವ್ನಿ. ಆ ನೀರ್ ಕುಡ್ದು ನಮ್ ಹಲ್ಲು ಹೆಂಗೆ ಕಂದು ಕಟ್ಟವೆ ನೋಡಿ. ನಮ್ದು ಹೋಯ್ತು ಬುಡಿ, ಮಕ್ಳುದ್ನಾದ್ರೂ ಉಳ್ಸಿ."

ಇಷ್ಟೇ. ನಿಮ್ಮನ್ನು ಬೈಯಲಿಲ್ಲ, ಯಾರನ್ನೂ ಕಳ್ಳ ಎನ್ನಲಿಲ್ಲ. ನೀವೇ ಮೊದಲು ಚಪ್ಪಾಳೆ ತಟ್ಟಿದಿರಿ. ಆದರೆ ಆ ಘಟಕ ಸುಸ್ಥಿತಿಯಲ್ಲಿದೆ ಎಂದು ನಿಮ್ಮ ಕಚೇರಿ ಅದಾಗಲೇ ಮೇಲಿನವರಿಗೆ ವರದಿ ಕಳಿಸಿತ್ತಂತೆ. ಅದು ನಮಗೆ ಆಮೇಲೆ ತಿಳಿಯಿತು. ಮೇಲಿನವರು ನಮ್ಮ ಕಾರ್ಯಕ್ರಮ ನೋಡಿ ನಿಮ್ಮನ್ನು ಕೇಳಿದರಂತೆ. ನಿಮಗೆ ಕಷ್ಟ ಬಂದದ್ದು ನಿಜವೇ ಇರಬಹುದು. ಆ ಕಷ್ಟವನ್ನು ಬಿಸಿಯೂಟದವಳ ತಲೆಗೆ ಕಟ್ಟಿ ಕೈ ತೊಳೆದುಕೊಂಡಿರಲ್ಲ, ಇದು ಯಾವ ನ್ಯಾಯ?

ಆದೇಶದ ಜೊತೆ ಸಾಕ್ಷಿಯಾಗಿ ನಮ್ಮ ಕಾರ್ಯಕ್ರಮದ ತುಣುಕನ್ನೇ ಇಟ್ಟಿದ್ದೀರಿ. ನೋಡಿದೆ. "ನನ್ ಹೆಸ್ರು" ಎಂಬಲ್ಲಿಂದ ಅದು ಶುರುವಾಗುತ್ತದೆ. ಅದರ ಹಿಂದಿನದೆಲ್ಲ ಮಾಯ. ನೀವು ಎದ್ದು ಹೋದದ್ದಿಲ್ಲ, ಭಯ ಬೇಡ ಅಂದದ್ದಿಲ್ಲ. ಕತ್ತರಿಸಿದವರು ಸ್ವಲ್ಪ ಅವಸರ ಮಾಡಿದ್ದಾರೆ. ಮೊದಲ ಕ್ಷಣದಲ್ಲಿ, ಮೈಕನ್ನು ಬಿಟ್ಟು ಹಿಂದಕ್ಕೆ ಹೋಗುತ್ತಿರುವ ಒಂದು ಕೈ ಕಾಣುತ್ತದೆ. ಇಸ್ತ್ರಿ ಮಾಡಿದ ತೋಳು, ಬೆರಳಲ್ಲಿ ಹರಳಿನ ಉಂಗುರ. ಪೂರ್ತಿ ದೃಶ್ಯ ನಮ್ಮಲ್ಲಿದೆ ಎಂದು ನಾವು ಮತ್ತೆ ಪ್ರಸಾರ ಮಾಡಿದರೆ, ಅದು ತಿರುಚಿದ್ದು ಎಂದು ನಿಮ್ಮ ಕಚೇರಿ ಹೇಳಿಕೆ ಕೊಟ್ಟಿತು. ಭೇಷ್! ಕತ್ತರಿಸಿದ್ದು ಅಸಲಿ, ಇಡಿಯಾಗಿರುವುದು ನಕಲಿ. ನಾನು ನಿಮಗೆ ಫೋನು ಮಾಡಿದಾಗ ನೀವು ಹೇಳಿದ್ದಾದರೂ ಏನು? "ನೀವು ಮುಖ ಮಸುಕು ಮಾಡಬೇಕಿತ್ತಮ್ಮ, ಹೆಸರು ತೆಗೆಯಬೇಕಿತ್ತು. ದೊಡ್ಡ ಚಾನೆಲ್‌ನವರು ಹಾಗೇ ಮಾಡ್ತಾರೆ. ನಿಮಗೆ ಅನುಭವ ಸಾಲದು." ನಂಬಿಸಿ ಕತ್ತು ಕೊಯ್ಯುವ ಅನುಭವ ನಮಗೆ ಸಾಲದು, ಒಪ್ಪಿದೆ ಸ್ವಾಮಿ.

ಕಳೆದ ವಾರ ನಾಗರತ್ನಮ್ಮನ ಮನೆಗೆ ಹೋಗಿದ್ದೆ. ಮೊದಲಾದರೆ "ಟೀವಿಯಮ್ಮ ಬಂದ್ಲು" ಎಂದು ಚಾಪೆ ಹಾಸುತ್ತಿದ್ದವರು, ಈ ಸಲ ಬಾಗಿಲಲ್ಲೇ ನಿಂತರು.

"ಹೆಸ್ರು ಹೇಳು ಅಂದಿದ್ದು ನೀನೇ ತಾನೇನಮ್ಮಾ? ಹೇಳ್ಬುಟ್ಟೆ. ಈಗ ಇಸ್ಕೂಲ್ ತಾವ್ಕೂ ಸೇರ್ಸಲ್ಲ ನನ್ನ. ಮಕ್ಳು ಕಾಂಪೌಂಡ್ ಹತ್ರ ಬಂದು ಅಜ್ಜೀ ಅಂತವೆ, ಒಳೀಕೆ ಹೋಗಂಗಿಲ್ಲ. ಸಾಹೇಬ್ರೂ ನೀನೂ ಒಂದೇ ಕಾರ್ನಾಗೆ ಬಂದ್ರಿ, ಒಂದೇ ಕಾರ್ನಾಗೆ ಹೋದ್ರಿ. ನಂಗೇನ್ ಗೊತ್ತು ಯಾರ್ ಏನು ಅಂತ?"

ಅಲ್ಲಿಯೇ ಮೆಟ್ಟಿಲ ಮೇಲೆ ಕೂತು ಅತ್ತೆ. ನಿಮ್ಮಿಂದ ಆದ ಎಲ್ಲ ಅನ್ಯಾಯದಲ್ಲಿ ನನಗೆ ಸಹಿಸಲಾಗದ್ದು ಇದು: ಆಯಮ್ಮನ ಕಣ್ಣಿಗೆ ನೀವೂ ನಾನೂ ಒಂದೇ. ನಿಮಗೆ ಬಹಿರಂಗವಾಗಿ ಬರೆಯುತ್ತೇನೆ ಎಂದು ಹೇಳಿದೆ. "ಬರಿ. ನನ್ ಹೆಸ್ರು ಬರಿ. ಊರ್ ಹೆಸ್ರು ಬ್ಯಾಡ, ಊರೋರ್ಗೂ ತೊಂದ್ರೆ ಕೊಟ್ಟಾರು" ಎಂದರು. ಹಾಗಾಗಿ ಊರಿನ ಹೆಸರನ್ನು ಇಲ್ಲಿ ಬಿಟ್ಟಿದ್ದೇನೆ.

ಈಗ ನಮ್ಮ ಮೈಕು ಕಂಡರೆ ಜನ ಪಕ್ಕಕ್ಕೆ ಸರಿಯುತ್ತಾರೆ. ಮಧುಗಿರಿ ಸಂತೆಯಲ್ಲಿ ಸೊಪ್ಪು ಮಾರುವವರೂ "ಹೆಸ್ರು ಬ್ಯಾಡ ಕಣಮ್ಮ, ಹಂಗೇ ಬರ್ಕೊ" ಅನ್ನುತ್ತಾರೆ. ನಾಲ್ಕೂರು ಟಿವಿಗೆ ಬೀಗ ಹಾಕಲು ನಿಮಗೆ ಆದೇಶವೇ ಬೇಕಾಗಲಿಲ್ಲ. ಅಬ್ಬಾ ಮೊನ್ನೆ ಕೇಳಿದರು: "ಬೇಟಿ, ಜಬಾನ್ ಕೊಟ್ಟಿದ್ದು ಅವ್ರು, ಮಾತು ತಪ್ಪಿದ್ದೂ ಅವ್ರು. ನಾವ್ಯಾಕೆ ತಲೆ ತಗ್ಗಿಸ್ಕೊಂಡು ತಿರುಗ್ತಾ ಇದೀವಿ?"

ನನ್ನ ಬೇಡಿಕೆ ಇಷ್ಟು. ನಾಗರತ್ನಮ್ಮನ ಮೇಲಿನ ಆದೇಶ ರದ್ದಾಗಬೇಕು, ಅವರು ಮತ್ತೆ ಶಾಲೆಯ ಅಡುಗೆಮನೆಗೆ ಹೋಗಬೇಕು, ನೀರಿನ ಘಟಕದ ಬೀಗ ತೆಗೆಯಬೇಕು. ಮತ್ತು ನೀವು ಆ ಊರಿಗೆ ಬರಬೇಕು. ನಮ್ಮ ಕಾರಿನಲ್ಲಿ ಬೇಡ, ನಿಮ್ಮದರಲ್ಲೇ ಬನ್ನಿ. ಅದೇ ಜಗಲಿಯ ಮೇಲೆ, ಅದೇ ಜನರ ಮುಂದೆ, ಮೈಕು ಕೊಟ್ಟವನು ನಾನು ಎಂದು ಹೇಳಬೇಕು. ಈ ಪತ್ರದಲ್ಲಿ ಎಲ್ಲಿಯೂ ನಿಮ್ಮ ಹೆಸರು ಬರೆದಿಲ್ಲ. ಹೆದರಿ ಅಲ್ಲ. ನಮ್ಮಲ್ಲಿ ಇನ್ನೊಬ್ಬರ ಹೆಸರನ್ನು ನಾವು ಹೇಳುವುದಿಲ್ಲ, ಅವರವರೇ ಹೇಳಬೇಕು. ಬಿಸಿಯೂಟದ ನಾಗರತ್ನಮ್ಮ ಹೇಳಿದರು. ಈ ಸಲ ಮೈಕನ್ನು ನಿಮ್ಮ ಕೈಗೆ ಅವರೇ ಕೊಡುತ್ತಾರೆ.

ಇಂತಿ,
ನನ್ನ ಹೆಸರು ನಾಹಿದಾ, ಊರು ಶಿರಾ.
ನಿಮ್ಮ ಮಾತು ಕೇಳಿ ಎಲ್ಲರಿಗಿಂತ ಮೊದಲು ಕಣ್ಣು ತುಂಬಿಕೊಂಡ ದಡ್ಡಿ