ಗುರುವಾರದ ಮುದ್ದೆ

ಹೊಸೂರು, ಶುಕ್ರವಾರ

ಅತ್ತೆಗೆ ನಮಸ್ಕಾರ.

ಫೋನ್ ಮಾಡಿದ್ರೆ ನಿಮ್ಮ ಮಗ ಪಕ್ಕದಲ್ಲೇ ನಿಂತು ಕೇಳ್ತಾರೆ, ಅದಕ್ಕೇ ಬರೀತಿದ್ದೀನಿ. ಹೋಟ್ಲು ಪಾರ್ಸಲ್ ನಿಲ್ಲಿಸಿ, ವಾರದ ಅಡುಗೆಯೆಲ್ಲ ಭಾನುವಾರವೇ ಮಾಡಿಡೋ ಅವರ ಯೋಜನೆಯನ್ನ ನೀವು ನಿಮ್ಮೂರು ರಾಯಕೋಟೆ ತುಂಬಾ ಹೊಗಳಿದ್ದೀರಂತೆ. ನನ್ನ ಫ್ಯಾಕ್ಟರಿಗೆ ರಜ ಇರೋ ಆ ಒಂದೇ ದಿನ ಕೂತು ಇಪ್ಪತ್ತು ಮುದ್ದೆ ಕಟ್ಟಿ ಫ್ರಿಜ್‌ನಲ್ಲಿ ಇಡ್ತಿರೋಳು ನಾನು. ಸಾರು ಇಡೋಣ, ಮುದ್ದೆ ಮಾತ್ರ ಬೇಡ ಅಂದೆ. ಅವರು ಕೇಳಲಿಲ್ಲ.

ಗುರುವಾರದ ಹೊತ್ತಿಗೆ ಅದು ಬೆವತು, ಬಿರುಕು ಬಿಟ್ಟು, ಸತ್ತ ಇಲಿ ಥರ ತಣ್ಣಗಿರ್ತದೆ. ಬಿಸಿ ಮಾಡಿದ್ರೆ ಮೇಲೆ ಲೋಳೆ, ಒಳಗೆ ಕಲ್ಲು. ಥೂ! ನಿನ್ನೆ ಆ ಹುಳಿ ವಾಸನೆಗೆ ವಾಂತಿ ಮಾಡ್ಕೊಂಡೆ. ನಿಮ್ಮ ಮಗ "ಹಸಿವಿಲ್ಲ ಕಣೇ, ನೀನು ತಿನ್ನು" ಅಂತ ತಟ್ಟೆ ನನ್ನ ಕಡೆ ತಳ್ಳಿದ್ರು. ತಳ್ಳಿದ ಕೈಯಲ್ಲಿ ಬಿರಿಯಾನಿ ವಾಸನೆ. ಪ್ರತಿ ಗುರುವಾರವೂ ಅಷ್ಟೇ.

ಭಾನುವಾರ ಬತ್ತೀನಿ ಅಂದಿದ್ರಲ್ಲ, ಬೇಡ, ಗುರುವಾರ ಬನ್ನಿ. ನಿಮಗೂ ಅದನ್ನೇ ಇಕ್ತೀನಿ. ಅವರನ್ನೂ ಪಕ್ಕದಲ್ಲೇ ಕೂರಿಸ್ತೀನಿ. ಹಸಿವಿಲ್ಲ ಅಂದಾಗ, ಹೆತ್ತೋರು ನೀವು, ಆ ಕೈ ಒಂದ್ಸಲ ಮೂಸಿ ನೋಡಿ.

ನಿಮ್ಮ ಸೊಸೆ,
ಶ್ಯಾಮಲಾ