ಅಡುಗೆಮನೆ ಯಾವ ಮೂಲೆಗೆ

ಇಳಕಲ್ಲ, ಲೇಡೀಸ್ ಹಾಸ್ಟೆಲ್
೯ ಜೂನ್ ೨೦೨೪, ಭಾನುವಾರ

ಪ್ರೀತಿಯ ಜಯಶ್ರೀ,

ನಾನು ಕ್ಷೇಮ. ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯಲಿಲ್ಲ, ಬೈದುಕೊ. ಈ ಊರಿನ ಶಾಲೆಗೆ ವರ್ಗವಾಗಿ ಬಂದಾಗಿನಿಂದ ಸಂಜೆಯೆಲ್ಲ ಬಾಡಿಗೆ ಮನೆ ಹುಡುಕುವುದರಲ್ಲೇ ಹೋಗುತ್ತಿದೆ. ಬಕ್ರೀದಿಗೆ ಮೊದಲು ಬಾಗಲಕೋಟೆಯಿಂದ ಅಮ್ಮಿಯನ್ನು ಕರೆತರಬೇಕು. ಅಣ್ಣನ ಮನೆಯಲ್ಲಿ ಅವಳಿಗೆ ಮಲಗಲು ನಡುಮನೆಯೇ ಗತಿ. ಹಾಸ್ಟೆಲಿನಲ್ಲಿ ತಾಯಂದಿರಿಗೆ ಜಾಗವಿಲ್ಲ.

ನನ್ನ ಜೊತೆ ಸುತ್ತುವವರು ಯಾರು ಗೊತ್ತೇ? ಗಣಿತದ ಮಹಾದೇವಿ ಅಕ್ಕೋರು. ಹಣೆ ತುಂಬ ವಿಭೂತಿ, ಪೂಜೆ ಮುಗಿಯದೆ ಚಹಾ ಮುಟ್ಟುವುದಿಲ್ಲ. ನಾನೋ ನಮಾಜನ್ನೂ ತಪ್ಪಿಸುವವಳು, ವಾಸ್ತು ಅಂದರೆ ನಗುವವಳು. ಮೊದಲ ದಿನವೇ ನನ್ನ ಕೈಯಲ್ಲಿದ್ದ ರಷ್ಯನ್ ಕಾದಂಬರಿಯ ಅನುವಾದ ನೋಡಿ, "ಇಷ್ಟ ದಪ್ಪ ಪುಸ್ತಕ ಓದ್ತಿ, ಒಂದು ಮನಿ ಹುಡುಕಾಕ ಬರೂದಿಲ್ಲೇನು? ನಡಿ, ನಾ ಬರ್ತೇನಿ" ಅಂದರು.

ಮನೆ ಮಾಲೀಕರು "ಯಾವ ಮಂದಿರಿ?" ಎಂದು ಜಾತಿ ಕೇಳಿದರೆ ನನಗಿಂತ ಮೊದಲು ಅವರೇ "ಸಾಲಿ ಕಲಿಸೂ ಮಂದಿ" ಅನ್ನುತ್ತಾರೆ. ಒಬ್ಬಾಕೆ ವಿಭೂತಿ ನೋಡಿ ಕೀಲಿಯನ್ನು ಅವರ ಕೈಗೇ ಕೊಟ್ಟಳು. ಇರುವವಳು ನಾನು, ಹೆಸರು ಅಬೇದಾ ಎಂದು ತಿಳಿದದ್ದೇ ತಡ, ಅಳಿಯ ಬರುವವನಿದ್ದಾನೆಂದು ಆಕೆಗೆ ನೆನಪಾಯಿತು. ಮರುದಿನ ಬೇರೆ ಓಣಿಯಲ್ಲೂ ಅಳಿಯನೇ. "ಇಳಕಲ್ಲಿನ ಅಳಿಯಂದಿರೆಲ್ಲಾ ಒಮ್ಮಿಗೇ ಬರಾಕತ್ತಾರಲ್ಲ! ಹೋಳಗಿಗೆ ಬ್ಯಾಳಿ ಸಾಲೂದಿಲ್ಲ" ಎಂದು ಅಕ್ಕೋರು ನಡುರಸ್ತೆಯಲ್ಲಿ ನನ್ನನ್ನು ನಗಿಸಿದರು.

ನಿನ್ನೆ ನೇಕಾರ ಮಹಾಂತೇಶ ತನ್ನ ಹಳೆಯ ಮನೆ ತೋರಿಸಿದ. ನೇಯುವಾಗ ಕಾಲು ಇಳಿಬಿಡುವ ಮಗ್ಗದ ಕುಣಿಗೆ ಹಲಗೆ ಮುಚ್ಚಿದ್ದಾನೆ. ನನ್ನ ಹೆಸರು ಕೇಳಿದ ಮೇಲೂ, "ನಿಮ್ಮ ತಾಯಾರು ಇದರ ಮ್ಯಾಲ ಮಕ್ಕೊಳ್ಳಲಿ, ತಂಪ ಇರತೈತಿ" ಅಂದ. ತಕರಾರು ತೆಗೆದವರು ಅಕ್ಕೋರೇ.

"ಅಡಗಿಮನಿ ಈಶಾನ್ಯಕ್ಕೈತಿ. ಬ್ಯಾಡ."

"ನಾ ಅದನ್ನೆಲ್ಲ ನಂಬೂದಿಲ್ರಿ."

"ನೀ ನಂಬಬ್ಯಾಡ. ನನಗ ನಿದ್ದಿ ಬರಬೇಕಲ್ಲ?"

ಕೊನೆಗೆ ರಾಜಿಯಾಯಿತು. ಅದೇ ಕೋಣೆಯ ಆಗ್ನೇಯ ಮೂಲೆಗೆ ನಾನು ಗ್ಯಾಸ್ ಒಲೆ ಇಡಬೇಕು, ಅವರು ಬಂದು ಹಾಲು ಉಕ್ಕಿಸಬೇಕು. ಬುಧವಾರ ಕೀಲಿ ಕೊಡುತ್ತಾನೆ.

ಅಮ್ಮಿ ಬಂದ ಮೇಲೆ ಮಕ್ಕಳನ್ನು ಕರೆದುಕೊಂಡು ಬಾ. ನಿನ್ನ ಮನೆ ಸದಾ ತುಂಬಿರಲಿ.

ನಿನ್ನ
ಅಬೇದಾ

ತಾ.ಕ.: ಅಕ್ಕೋರ ಮನೆಯ ಹಿಂದೆ ಎರಡು ಖೋಲಿ ಖಾಲಿ ಇವೆ. 'ಬಾಡಿಗೆಗೆ ಇದೆ' ಎಂಬ ಬೋರ್ಡು ಗೇಟಿಗೇ ಕಟ್ಟಿದೆ. ದಿನಾ ಆ ಗೇಟಿನಿಂದಲೇ ಹೊರಡುತ್ತೇವೆ. ಅವರು ಹೇಳಿಲ್ಲ, ನಾನು ಕೇಳಿಲ್ಲ. ಯಾಕೆ ಹೇಳಲಿಲ್ಲವೆಂದು ಕೇಳಲೇಬೇಕೆಂದು ತೀರ್ಮಾನಿಸಿದ್ದೇನೆ, ಆದರೆ ಮಹಾಂತೇಶ ಕೀಲಿ ಕೊಟ್ಟ ಮೇಲೆ. ಈಗ ಕೇಳಿದರೆ ಖೋಲಿ ಕೇಳಿದಂತಾಗುತ್ತದೆ.