ಕಸಿಲ್ದಾಳ ಹೆಪ್ಪು

ಪೆನ್ಯಸೇಕಾ,
೧೮ ಫೆಬ್ರುವರಿ ೨೦೦೧

ನನ್ನ ಹಸಿಂತಾ,

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡ. ಬೈದರೂ ಬೈಯಿ, ನನಗೆ ಸಲ್ಲಬೇಕಾದ್ದೇ. ಚಳಿ, ಕೈನೋವು ಅಂತ ನೆಪ ಹೇಳಬಹುದಿತ್ತು. ಆದರೆ ದೀಕ್ಷಾಸ್ನಾನದ ದಿನ ನಿನ್ನನ್ನು ತೋಳಲ್ಲಿ ಹಿಡಿದು ನಿಂತವಳು ನಾನು, ನಿನ್ನ ಹತ್ತಿರ ಎಂಥ ನೆಪ!

ಮಗಳ ಮದುವೆ ಗೊತ್ತಾಯಿತು ಅಂತ ಓದಿ ಖುಷಿಪಟ್ಟೆ. ಮದುವೆಯ ರೊಟ್ಟಿಯನ್ನು ಅಜ್ಜಿಯ ಹುಳಿಹಿಟ್ಟಿನ ಹೆಪ್ಪಿನಲ್ಲೇ ಸುಡಬೇಕು ಅಂತ ಹಟ ಹಿಡಿದಿದ್ದಾಳೆ, ಒಂದು ಹಿಡಿಯಾದರೂ ಹುಡುಕಿ ಸರಗೋಸಾಕ್ಕೆ ಕಳಿಸು ಅಂತ ಬರೆದಿದ್ದೀಯ. ನಿನ್ನಮ್ಮ ಕಸಿಲ್ದಾಳನ್ನು ಮಣ್ಣು ಮಾಡಿದ ದಿನ ನೀನು ಅವಳ ಅಡುಗೆಮನೆಯನ್ನು ತಡಕಾಡಿದ್ದು ನನ್ನ ಕಣ್ಣಲ್ಲೇ ಇದೆ. ಇಲ್ಲ ಕಣೇ. ಹೆಪ್ಪು ಸತ್ತುಹೋಯಿತು. ಈ ವರ್ಷದ ಹಿಮ ಹಾಗಿತ್ತು.

ಅದು ನಿನ್ನ ಮುತ್ತಜ್ಜಿಗಿಂತ ಹಳೆಯದು. ಕುರಿಮಂದೆಗಳ ಹಿಂದೆ ದಕ್ಷಿಣಕ್ಕೆ ನಡೆದುಹೋಗುತ್ತಿದ್ದ ಗಂಡಸರ ಚೀಲದಲ್ಲಿ ಇರುತ್ತಿದ್ದದ್ದು ಅದರ ರೊಟ್ಟಿಯೇ. ಯುದ್ಧದ ವರ್ಷ ಸೈನಿಕರು ಮನೆಮನೆಯ ಹಿಟ್ಟು ಬಳಿದುಕೊಂಡು ಹೋದಾಗ ನಿನ್ನಜ್ಜಿ ಹೆಪ್ಪಿನ ಬಟ್ಟಲನ್ನು ತೊಟ್ಟಿಲಲ್ಲಿ, ಕೂಸಿನ ಕಾಲಬುಡದಲ್ಲಿ ಬಚ್ಚಿಟ್ಟಳು. ಆ ಕೂಸೇ ನಿನ್ನಮ್ಮ. ವಾರಕ್ಕೊಂದು ಮನೆಯ ಸರದಿ ಇತ್ತಲ್ಲ, ನೀನೂ ಚಿಕ್ಕವಳಿದ್ದಾಗ ಬಟ್ಟಲು ಹೊತ್ತವಳೇ. ರೊಟ್ಟಿ ಸುಟ್ಟವಳು ಉಳಿದ ಹೆಪ್ಪನ್ನು ಮುಂದಿನ ಮನೆಯ ಹೊಸಿಲ ಮೇಲಿಟ್ಟು, ಬಾಗಿಲು ತಟ್ಟಿ, "ನಿನ್ನ ಸರದಿ" ಅನ್ನಬೇಕು. ತಟ್ಟಿದ ಮೇಲೆ ಬೇಡ ಅನ್ನೋ ಹಾಗಿಲ್ಲ. ಆಗ ನಲವತ್ತು ಮನೆಯಲ್ಲಿ ಹೊಗೆ ಏಳುತ್ತಿತ್ತು. ಈಗ ಐದು. ಕೊನೆಗೆ ಹೆಪ್ಪು ಉಳಿಸಿಕೊಂಡು ಬಂದವಳು ನಿನ್ನಮ್ಮ ಒಬ್ಬಳೇ.

ಮಣ್ಣಿನ ದಿನ ನೀನು ಬಸ್ಸು ಹತ್ತಿದ ಮೇಲೆ ಕುರುಬ ಸತೂರಿಯೋ ಹಳೆ ರೊಟ್ಟಿಯ ಪುಡಿ ಹುರಿದು ಮೀಗಾಸ್ ಮಾಡಿದ. ಕುರಿಕೊಬ್ಬು, ಬೆಳ್ಳುಳ್ಳಿ ಎಲ್ಲ ಸರಿಯಾಗಿಯೇ ಹಾಕಿದ್ದ. ಆದರೆ ಪೇಟೆಯಿಂದ ಮಾರಲು ತರುವ ವ್ಯಾನಿನವನ ರೊಟ್ಟಿ ಪುಡಿಯಾಗುತ್ತಾ? ಮುದ್ದೆಯಾಗಿ ಕೂತಿತು. "ಇದೇನೇ ಒಬ್ದುಲಿಯಾ, ರೊಟ್ಟೀನಾ ಗೋಡೆಗೆ ಬಳಿಯೋ ಗಾರೇನಾ? ಕಸಿಲ್ದಾ ಇದ್ದಿದ್ರೆ ಬಾಣಲೆ ಸಮೇತ ನನ್ನನ್ನ ಬೀದಿಗೆ ಹಾಕ್ತಿದ್ಲು" ಅಂದ. ನಾನು ರೂಢಿಯಂತೆ ಬಾಣಲೆಯಿಂದ ಒಂದು ಚಮಚ ತೆಗೆದುಕೊಂಡು, ಮುಂದಿನವರಿಗೆ ಜಾಗ ಬಿಡಲು ಹಿಂದೆ ಸರಿದೆ. "ಯಾರಿಗೆ ಜಾಗ ಬಿಡ್ತೀಯೇ ಮಾರಾಯ್ತಿ? ನಿಂತಲ್ಲೇ ತಿನ್ನು" ಅಂದ. ಎಲ್ಲರೂ ನಕ್ಕರು. ಎಲ್ಲರೂ ಅಂದರೆ ನಾಲ್ಕು ಜನ.

ನಿನ್ನಮ್ಮನಿಗೂ ನನಗೂ ಯಾಕೆ ಮಾತು ಬಿಟ್ಟಿತ್ತು ಅಂತಲೂ ಕೇಳಿದ್ದೀಯ. ಮೂವತ್ತೊಂದು ವರ್ಷದ ಹಿಂದೆ ಒಂದು ವಾರ ನನ್ನ ಮನೆಯಿಂದ ಹೋದ ಹೆಪ್ಪು ಉಬ್ಬಲಿಲ್ಲ. ಊರೊಲೆಯ ಮುಂದೆ, ಅಷ್ಟೂ ಹೆಂಗಸರ ಎದುರು ನಿನ್ನಮ್ಮ ಅಂದಳು, "ಹೊಟ್ಟೇಲೇ ಒಂದು ನಿಲ್ಲದವಳ ಕೈಯಲ್ಲಿ ಹಿಟ್ಟು ಎಲ್ಲಿಂದ ಉಬ್ಬೀತು?" ನಾನು ಮೂರನೇ ಕೂಸು ಕಳಕೊಂಡು ತಿಂಗಳೂ ಆಗಿರಲಿಲ್ಲ. ಅವತ್ತಿಂದ ಬಟ್ಟಲು ನನ್ನ ಮನೆ ಬಿಟ್ಟು ಮುಂದಿನ ಮನೆಗೆ ಹೋಯಿತು. ನಾನು ವ್ಯಾನಿನ ರೊಟ್ಟಿ ತಿಂದೆ. ಅವಳ ಒಲೆಯ ವಾಸನೆ ಬಂದರೆ ಕಿಟಕಿ ಹಾಕಿಕೊಳ್ಳುತ್ತಿದ್ದೆ.

ಇಲ್ಲಿ ಮತ್ತೇನಿಲ್ಲ. ಗೋಪುರದ ಕೆಳಗಿನ ಬಯಲನ್ನು ಈ ಸಲವೂ ಯಾರೂ ಉಳಲಿಲ್ಲ. ಒಂಟಿ ಬಾದಾಮಿ ಮರ ಆಗಲೇ ಹೂ ಬಿಟ್ಟಿದೆ, ಅವಸರಗೇಡಿ, ಮಾರ್ಚಿನ ಹಿಮಕ್ಕೆ ಕರಟಿಹೋಗುತ್ತೆ. ಪ್ರತಿ ವರ್ಷ ಇದೇ ಕತೆ.

ಮಗಳು ಸುಖವಾಗಿರಲಿ. ಅವಳ ಮನೆಯಲ್ಲಿ ಒಲೆ ಆರದಿರಲಿ, ಮಡಿಲು ಬರಿದಾಗದಿರಲಿ. ನಿನ್ನ ತಲೆಯ ಮೇಲೆ ನನ್ನ ಕೈ ಇದೆ ಅಂದುಕೋ.

ನಿನ್ನ,
ಒಬ್ದುಲಿಯಾ

ತಾ.ಕ.: ಮೇಲೆ ಹಿಮ ಅಂತ ಬರೆದೆ. ಹರಿದು ಹಾಕೋಣ ಅಂದುಕೊಂಡೆ, ಹರಿಯಲಿಲ್ಲ. ಜನವರಿಯ ಮೂರು ರಾಜರ ಹಬ್ಬದ ಮಾರನೇ ದಿನ ನಿನ್ನಮ್ಮ ನನ್ನ ಕೊಟ್ಟಿಗೆಯ ಕಡೆಯ ಬಾಗಿಲು ತಟ್ಟಿದಳು. "ಒಬ್ದುಲಿಯಾ, ನಿನ್ನ ಸರದಿ" ಅಂದಳು. ನಾನು ಬಾಗಿಲ ಹಿಂದೆಯೇ ನಿಂತಿದ್ದೆ, ತೆಗೆಯಲಿಲ್ಲ. ಈ ವಯಸ್ಸಲ್ಲೂ ಹಂಗಿಸೋಕೆ ಬಂದಿದ್ದಾಳೆ ಅಂದುಕೊಂಡೆ. ಡಾಕ್ಟರು ಕೈಚೆಲ್ಲಿದ್ದಾರೆ ಅಂತ ನನಗೇನು ಗೊತ್ತು? ಅವಳು ತುಂಬ ಹೊತ್ತು ನಿಂತಿದ್ದಳು. ಇನ್ನೊಂದು ಸಲ ತಟ್ಟಿದಳು, ಮೆಲ್ಲಗೆ. ತನಗೆ ಅಂತ ಒಂದು ಚೂರೂ ಉಳಿಸಿಕೊಳ್ಳದೆ ಹೆಪ್ಪು ಅಷ್ಟನ್ನೂ ಹೊಸಿಲ ಮೇಲಿಟ್ಟು ಹೋಗಿದ್ದಳು. ನಾಲ್ಕನೇ ದಿನಕ್ಕೆ ಸತ್ತಳು. ನಾನು ಆ ಬಟ್ಟಲನ್ನು ದಾಟಿಕೊಂಡೇ ಅವಳ ಮಣ್ಣಿಗೆ ಬಂದೆ, ನೀನು ನನ್ನ ಕೆನ್ನೆಗೆ ಮುತ್ತಿಟ್ಟೆ. ಮಾರನೇ ದಿನ ಒಳಗೆ ತಂದೆ. ಬೆಚ್ಚಗಿನ ನೀರು, ಹೊಸ ಹಿಟ್ಟು ಕೊಟ್ಟು ಒಲೆಯ ಪಕ್ಕದಲ್ಲೇ ಹದಿಮೂರು ದಿನ ಕೂತೆ, ಹಸಿಂತಾ. ಅದು ನನ್ನ ಕೈಯಲ್ಲಿ ಉಬ್ಬಲಿಲ್ಲ.